ದಿನಕ್ಕೆ ಮೂರೇ ಗಂಟೆ ಕೆಲಸ, ಆಮೇಲೆ ಏನ್ ಮಾಡೋದು?

 

ಈ ಸಲದ ಎಪಿಸೋಡ್ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದ ಹುಡುಗ ಬಿ.ಕಾಂ. ಕೊನೇ ವರ್ಷದಲ್ಲಿದ್ದಾನೆ. ಹಿಂದೆ ಬಸ್ಸಿನ ಹಾರ್ನ್ ಕೇಳಿಸ್ತಾ ಇತ್ತು. ಅವನ ಪ್ರಶ್ನೆ ಇಷ್ಟೇ: "ಅಕ್ಕಾ, ಮುಂದೆ ಎಲ್ಲಾ ಕೆಲಸಾನೂ ಎಐ ಮಾಡುತ್ತೆ, ಸರ್ಕಾರ ತಿಂಗಳು ತಿಂಗಳು ಅಕೌಂಟಿಗೆ ದುಡ್ಡು ಹಾಕುತ್ತೆ, ಯಾರೂ ದುಡಿಯೋದೇ ಬೇಡ ಅಂತಾರಲ್ಲ. ಹಂಗಾದ್ರೆ ಬೆಳಗ್ಗೆ ಎದ್ದು ನಾವು ಏನ್ ಮಾಡೋದು?"

ಅವನು ತಮಾಷೆಗೆ ಕೇಳಿದ್ದನೋ ಸೀರಿಯಸ್ಸಾಗಿ ಕೇಳಿದ್ದನೋ ಗೊತ್ತಿಲ್ಲ. ಆದರೆ ನನಗೆ ಆ ಪ್ರಶ್ನೆ ಚುಚ್ಚಿತು. ಯಾಕಂದ್ರೆ ಆ 'ಮುಂದೆ' ಅನ್ನೋದು ನನ್ನ ಬದುಕಿಗೆ ಒಂದು ಸಲ ಬಂದು ಹೋಗಿದೆ.

ನಾನೂ ಓದಿದ್ದು ಬಿ.ಕಾಂ. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ಟೀಮಿನಲ್ಲಿ ನಾಲ್ಕು ವರ್ಷ ಇದ್ದೆ. ಇನ್‌ವಾಯ್ಸ್ ಒಂದು ಕಡೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೊಂದು ಕಡೆ, ಎರಡನ್ನೂ ಹೊಂದಿಸೋದು. ಆಮೇಲೆ ಅದನ್ನು ತಾನೇ ಹೊಂದಿಸೋ ಸಾಫ್ಟ್‌ವೇರ್ ಬಂತು. ಹನ್ನೊಂದು ಜನರ ಟೀಮಿನಲ್ಲಿ ಮೂವರು ಉಳಿದರು. ನಾನು ಆ ಮೂವರಲ್ಲಿ ಇರಲಿಲ್ಲ. ಕೈಗೆ ಮೂರು ತಿಂಗಳ ಸಂಬಳ ಕೊಟ್ಟರು, ಒಂದು ಒಳ್ಳೆ ಮೇಲ್ ಬರೆದರು, ಮುಗೀತು.

ಮೊದಲ ವಾರ ಸ್ವರ್ಗ. ಸುಳ್ಳು ಹೇಳಲ್ಲ. ಅಲಾರಾಂ ಇಲ್ಲ, ಸಿಲ್ಕ್ ಬೋರ್ಡ್ ಇಲ್ಲ, ಯಾರಿಗೂ ಉತ್ತರ ಕೊಡೋ ಹಾಗಿಲ್ಲ. ಓದಬೇಕು ಅಂದುಕೊಂಡಿದ್ದ ಪುಸ್ತಕಗಳನ್ನು ಟೇಬಲ್ ಮೇಲೆ ಜೋಡಿಸಿಟ್ಟೆ. ಐದನೇ ವಾರಕ್ಕೆ ಆ ಪುಸ್ತಕಗಳ ಮೇಲೆ ಧೂಳು. ಹನ್ನೊಂದಕ್ಕೆ ಏಳೋದು, ಮೊಬೈಲ್ ನೋಡೋದು, ಮಧ್ಯಾಹ್ನ ಮೂರಾಗಿರೋದು. ಗೆಳತಿ ಫೋನ್ ಮಾಡಿ "ಇವತ್ತು ಏನ್ ಮಾಡಿದೆ?" ಅಂದರೆ ಬಾಯಲ್ಲಿ ಉತ್ತರ ಬರ್ತಿರಲಿಲ್ಲ. ಮುಚ್ಚಿಡ್ತಿದ್ದೆ ಅಂತಲ್ಲ. ನಿಜವಾಗಿಯೂ ನೆನಪೇ ಆಗ್ತಿರಲಿಲ್ಲ.

ಈ 'ನೆನಪಾಗದೇ ಇರೋದು' ಅನ್ನೋದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತೆ.

ಮೊದಲು ಒಬ್ಬ ಅರ್ಥಶಾಸ್ತ್ರಜ್ಞನ ಕನಸು. ಜಾನ್ ಮೇನಾರ್ಡ್ ಕೇನ್ಸ್. ಬಿ.ಕಾಂ. ಮಾಡಿದವರಿಗೆ ಈ ಹೆಸರು ಕೇಳಿದರೇ ಐದು ಮಾರ್ಕಿನ ಪ್ರಶ್ನೆ ನೆನಪಾಗುತ್ತೆ. 1930ರಲ್ಲಿ, ಜಗತ್ತು ಮಹಾ ಆರ್ಥಿಕ ಕುಸಿತದಲ್ಲಿ ಮುಳುಗ್ತಾ ಇದ್ದಾಗ, ಕೇನ್ಸ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ವಿಷಯ, ನಮ್ಮ ಮೊಮ್ಮಕ್ಕಳ ಕಾಲದ ಆರ್ಥಿಕ ಸಾಧ್ಯತೆಗಳು. ಎಲ್ಲರೂ 'ಕಥೆ ಮುಗೀತು' ಅಂತ ತಲೆ ಮೇಲೆ ಕೈ ಹೊತ್ತು ಕೂತಿರುವಾಗ ಈ ಮನುಷ್ಯ ಹೇಳಿದ್ದು: ಗಾಬರಿ ಆಗಬೇಡಿ, ಇದು ತಾತ್ಕಾಲಿಕ. ಇನ್ನು ನೂರು ವರ್ಷದಲ್ಲಿ ಮುಂದುವರಿದ ದೇಶಗಳ ಜೀವನಮಟ್ಟ ನಾಲ್ಕರಿಂದ ಎಂಟು ಪಟ್ಟು ಏರಿರುತ್ತೆ. ದೊಡ್ಡ ಯುದ್ಧ ಆಗದಿದ್ದರೆ, ಜನಸಂಖ್ಯೆ ವಿಪರೀತ ಏರದಿದ್ದರೆ, ಹೊಟ್ಟೆಪಾಡಿನ ಸಮಸ್ಯೆ ಅನ್ನೋದೇ ಹೆಚ್ಚುಕಡಿಮೆ ಪರಿಹಾರ ಆಗಿರುತ್ತೆ. ಆವಾಗ ದಿನಕ್ಕೆ ಮೂರು ಗಂಟೆ, ವಾರಕ್ಕೆ 15 ಗಂಟೆ ಕೆಲಸ ಮಾಡಿದರೆ ಸಾಕು.

ನೂರು ವರ್ಷ ಅಂದ್ರೆ 2030. ಲೆಕ್ಕ ಹಾಕಿ. ಬಂದೇಬಿಡ್ತು.

ಕೇನ್ಸ್ ಹಾಕಿದ ಷರತ್ತುಗಳೆರಡೂ ಮುರಿದುಬಿದ್ದವು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಸುಮಾರು 200 ಕೋಟಿ ಇದ್ದ ಜಗತ್ತಿನ ಜನಸಂಖ್ಯೆ 800 ಕೋಟಿ ದಾಟಿತು. ಆದರೂ ಶ್ರೀಮಂತ ದೇಶಗಳ ವರಮಾನದ ಬಗ್ಗೆ ಅವರು ಹಾಕಿದ ಲೆಕ್ಕ ಸರಿಯಾಯಿತು. ನಾಲ್ಕು ಪಟ್ಟಿನ ಗಡಿ ದಾಟಿ ಆಗಿದೆ. ತಪ್ಪಿದ್ದು ಎಲ್ಲಿ ಅಂದರೆ, ಆ 15 ಗಂಟೆಯಲ್ಲಿ. ದುಡ್ಡು ಬಂತು, ಬಿಡುವು ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನೋದಕ್ಕೆ ಒಂದು ಸುಳಿವು ಅದೇ ಪ್ರಬಂಧದಲ್ಲೇ ಇದೆ. ಮನುಷ್ಯನ ಬೇಡಿಕೆಗಳಲ್ಲಿ ಎರಡು ಬಗೆ ಅಂತಾರೆ ಕೇನ್ಸ್. ಪಕ್ಕದ ಮನೆಯವರ ಬಳಿ ಏನಿದ್ರೂ ಏನಿಲ್ಲದಿದ್ರೂ ನಮಗೆ ಬೇಕೇ ಬೇಕಾದವು, ಅಂದ್ರೆ ಅನ್ನ, ಬಟ್ಟೆ, ಸೂರು, ಔಷಧಿ. ಇನ್ನೊಂದು, ಪಕ್ಕದ ಮನೆಯವರಿಗಿಂತ ಒಂದು ಕೈ ಮೇಲಿರಬೇಕು ಅನ್ನೋ ಬೇಡಿಕೆ. ಮೊದಲನೆಯದಕ್ಕೆ ಕೊನೆ ಇದೆ, ಎರಡನೆಯದಕ್ಕೆ ಇಲ್ಲದಿರಬಹುದು. ಇದು ಗೊತ್ತಿದ್ದೂ ಎರಡನೆಯದರ ಶಕ್ತಿಯನ್ನು ಅವರು ಕಡಿಮೆ ಅಂದಾಜು ಮಾಡಿದರು ಅಂತ ನನಗನ್ನಿಸುತ್ತೆ. ಸಂಬಳ ಏರಿದ ತಿಂಗಳೇ ಹೊಸ ಫೋನಿನ ಇಎಂಐ ಶುರು ಮಾಡಿದವಳು ನಾನು, ನನಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ. ಇನ್ನೊಂದು ಕಾರಣ ಹಂಚಿಕೆ. ಸಂಪತ್ತು ನಾಲ್ಕು ಪಟ್ಟಾದರೆ ಎಲ್ಲರ ಜೇಬಿನಲ್ಲೂ ನಾಲ್ಕು ಪಟ್ಟು ಅಂತಲ್ಲ. ಬಾಡಿಗೆ ಕಟ್ಟೋರು ಬಾಡಿಗೆ ಕಟ್ತಾನೇ ಇರ್ತಾರೆ.

ನಮ್ಮಲ್ಲಂತೂ ಚರ್ಚೆ ಉಲ್ಟಾ ದಿಕ್ಕಿನಲ್ಲಿ ನಡೀತಾ ಇದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದರು. ಅದೂ ಒಂದು ಪಾಡ್‌ಕಾಸ್ಟ್‌ನಲ್ಲೇ, ನಮ್ಮ ಕುಲದ ಮರ್ಯಾದೆ ಹೋಯ್ತು ನೋಡಿ. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಕೇನ್ಸ್ ಹೇಳಿದ್ದರ ಆರು ಪಟ್ಟು! ಮೀಮ್‌ಗಳು ನಿಮಗೆಲ್ಲಾ ನೆನಪಿರುತ್ತೆ, ಅದರ ಬಗ್ಗೆ ಹೆಚ್ಚು ಹೇಳಲ್ಲ.

ನನಗೆ ಆ ಪ್ರಬಂಧದಲ್ಲಿ ನಿಜವಾಗಿ ಕುತೂಹಲ ಅನ್ನಿಸಿದ್ದು ಬೇರೆಯೇ. ಆ ಮೂರು ಗಂಟೆ ಇದೆಯಲ್ಲ, ಅದು ದೇಶಕ್ಕೆ ಬೇಕು ಅಂತ ಕೇನ್ಸ್ ಇಟ್ಟಿದ್ದಲ್ಲ. ಮನುಷ್ಯನಿಗೆ ಬೇಕು ಅಂತ ಇಟ್ಟಿದ್ದು. ಒಂಚೂರೂ ಕೆಲಸ ಇಲ್ಲದಿದ್ದರೆ ನಮ್ಮೊಳಗಿನ ಹಳೇ ಮನುಷ್ಯ ಸುಮ್ಮನಿರಲ್ಲ, ಹಾಗಾಗಿ ಉಳಿದಿರೋ ಸ್ವಲ್ಪ ಕೆಲಸವನ್ನೇ ಎಲ್ಲರಿಗೂ ತೆಳ್ಳಗೆ ಹಂಚಬೇಕು ಅನ್ನೋದು ಅವರ ವಾದ. ಬಿಡುವಿನ ಆ ಯುಗವನ್ನು ನೆನೆಸಿಕೊಂಡರೆ ಭಯವಾಗುತ್ತೆ ಅಂತಲೂ ಬರೀತಾರೆ. ಉದಾಹರಣೆಗೆ ತಮ್ಮ ಕಾಲದ ಶ್ರೀಮಂತ ಮನೆಗಳ ಹೆಂಡತಿಯರನ್ನು ತೋರಿಸ್ತಾರೆ. ಅಡುಗೆ, ಗುಡಿಸೋದು, ಹೊಲಿಯೋದು ಯಾವುದೂ ಇನ್ನು ಅವರು ಮಾಡಬೇಕಿಲ್ಲ. ಆದರೆ ಅದರ ಜಾಗಕ್ಕೆ ಬೇರೆ ಏನೂ ಬಂದು ಕೂತಿಲ್ಲ.

ಇದು ಬರೀ ಊಹೆಯಾ? ಪ್ರಬಂಧ ಬಂದ ಕಾಲದಲ್ಲೇ ಇದರ ಪರೀಕ್ಷೆಯೊಂದು ನಡೆದುಹೋಯಿತು. ಯಾರೂ ಬಯಸದ ಪರೀಕ್ಷೆ.

ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮರಿಯೆಂಟಾಲ್ ಅಂತ ಒಂದು ಊರು. ಸುಮಾರು 1,500 ಜನ. ಊರಿಡೀ ಒಂದೇ ಬಟ್ಟೆ ಗಿರಣಿಯ ಮೇಲೆ ನಿಂತಿತ್ತು. ಆ ಗಿರಣಿ ಮುಚ್ಚಿತು. ಬಹುಪಾಲು ಮನೆಗಳಲ್ಲಿ ಕೆಲಸ ಇರೋ ಒಬ್ಬರೂ ಉಳಿಯಲಿಲ್ಲ. ಆಗ ವಿಯೆನ್ನಾದಿಂದ ಒಂದು ಸಂಶೋಧಕರ ತಂಡ ಬಂತು. ಮರೀ ಯಹೋಡ, ಪೌಲ್ ಲಜಾರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮತ್ತು ಜೊತೆಗಾರರು. ಸುಮ್ಮನೆ ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳಿ ಹೋಗೋರಾಗಬಾರದು ಅಂತ ಬಟ್ಟೆ ಹಂಚಿದರು, ವೈದ್ಯರನ್ನು ಕರೆಸಿದರು, ಊರಿನ ಕೆಲಸಗಳಲ್ಲಿ ಕೈಜೋಡಿಸಿದರು. 1933ರಲ್ಲಿ ಪುಸ್ತಕ ಬಂತು. ಯಹೋಡಗೆ ಆಗ ನಮ್ಮ ವಯಸ್ಸು, 26 ವರ್ಷ.

ಅವರು ಏನೇನು ಅಳೆದರು ಗೊತ್ತಾ? ಲೈಬ್ರರಿ ರಿಜಿಸ್ಟರ್ ನೋಡಿದರು. ಊರಿಗೆ ಊರೇ ಖಾಲಿ ಕೂತಿದೆ, ಪುಸ್ತಕ ಓದೋದಕ್ಕೆ ದಿನವಿಡೀ ಟೈಮಿದೆ, ಪುಸ್ತಕಕ್ಕೆ ಕಟ್ಟಬೇಕಿದ್ದ ಶುಲ್ಕವನ್ನೂ ತೆಗೆದುಹಾಕಿದ್ದಾರೆ. ಆದರೂ 1929ರಿಂದ 1931ರ ಹೊತ್ತಿಗೆ ಜನ ಒಯ್ಯೋ ಪುಸ್ತಕಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆಮೇಲೆ ಕಿಟಕಿ ಹಿಂದೆ ಕೂತು, ಗಡಿಯಾರ ಹಿಡಿದು, ಬೀದಿಯಲ್ಲಿ ಜನ ನಡೆಯೋ ವೇಗ ಅಳೆದರು. ಗಂಡಸರು ನಿಧಾನವಾಗಿದ್ದರು, ಆಗಾಗ ನಿಂತುಬಿಡ್ತಿದ್ದರು. ಹೆಂಗಸರು ನಿಲ್ಲದೆ ಹೋಗ್ತಿದ್ದರು. ದಿನವಿಡೀ ಏನು ಮಾಡಿದಿರಿ ಅಂತ ಗಂಟೆ ಗಂಟೆಗೂ ಬರೆಯೋಕೆ ಹಾಳೆ ಕೊಟ್ಟರು. ಗಂಡಸರ ಹಾಳೆಗಳಲ್ಲಿ ಎದ್ದದ್ದು, ಮಕ್ಕಳನ್ನು ಶಾಲೆಗೆ ಕಳಿಸಿದ್ದು, ಊಟ ಮಾಡಿದ್ದು. ನಡುವಿನ ಗಂಟೆಗಳಲ್ಲಿ ಏನಾಯಿತು ಅಂತ ಅವರಿಗೇ ನೆನಪಿರಲಿಲ್ಲ.

ಇದನ್ನು ಓದಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ಕೂತಿದ್ದೆ. ನನ್ನ ಹನ್ನೊಂದರಿಂದ ಮೂರು ಗಂಟೆ ಅದೇ ಅಲ್ವಾ.

ಒಂದು ಮಾತು ಇಲ್ಲಿ ಹೇಳಲೇಬೇಕು. ಮರಿಯೆಂಟಾಲ್‌ನಲ್ಲಿ ಬಿಡುವಿನ ಜೊತೆ ಹಸಿವೂ ಇತ್ತು, ನಾಳೆಯ ಭಯವೂ ಇತ್ತು. ಕುಗ್ಗಿಸಿದ್ದು ಬಡತನವೋ ಕೆಲಸ ಇಲ್ಲದಿರೋದೋ ಅಂತ ಪೂರ್ತಿ ಬಿಡಿಸಿ ನೋಡೋದು ಕಷ್ಟ. 'ನೋಡಿ, ಜನರಿಗೆ ಬಿಡುವು ಕೊಟ್ಟರೆ ಹಾಳಾಗ್ತಾರೆ' ಅಂತ ಈ ಊರನ್ನು ತೋರಿಸಿ 90 ಗಂಟೆ ದುಡಿಸೋಕೆ ಹೊರಟರೆ ಅದು ಮೋಸ. ಯಹೋಡ ಮುಂದೆ ಹೇಳಿದ್ದು ಬೇರೆ. ಕೆಲಸ ಅನ್ನೋದು ಸಂಬಳದ ಜೊತೆಗೆ, ನಾವು ಕೇಳದೆಯೇ, ಇನ್ನೂ ಕೆಲವನ್ನು ಕೈಗಿಡುತ್ತೆ. ದಿನಕ್ಕೆ ಒಂದು ಆಕಾರ. ಮನೆಯವರಲ್ಲದ ಜನರ ಒಡನಾಟ. ಒಬ್ಬರಿಂದಾಗದ, ಎಲ್ಲರೂ ಸೇರಿ ಮಾಡೋ ಒಂದು ಉದ್ದೇಶ. 'ನೀನು ಯಾರು' ಅಂದಾಗ ಹೇಳೋಕೊಂದು ಉತ್ತರ. ಮತ್ತೆ, ಮನಸ್ಸಿಲ್ಲದಿದ್ದರೂ ಕೈಕಾಲು ಆಡಿಸಬೇಕಾದ ಒತ್ತಾಯ. ಸಂಬಳ ಬೇರೆ ದಾರಿಯಿಂದ ಬರಬಹುದು. ಈ ಉಳಿದವು ಎಲ್ಲಿಂದ ಬರ್ತವೆ ಅನ್ನೋದೇ ಪ್ರಶ್ನೆ.

ಈಗ ನನ್ನ ಅಜ್ಜನ ವಿಷಯಕ್ಕೆ ಬರ್ತೀನಿ. ಈ ಎಪಿಸೋಡ್ ಮಾಡೋಕೆ ಅವನೂ ಒಂದು ಕಾರಣ.

ನಮ್ಮೂರು ದಾವಣಗೆರೆ. ಈಗಿನವರಿಗೆ ಬೆಣ್ಣೆದೋಸೆ ಊರು. ಒಂದು ಕಾಲಕ್ಕೆ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು, ಹತ್ತಿ ಗಿರಣಿಗಳ ಊರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನನ್ನ ಅಮ್ಮನ ಅಪ್ಪ ಅಂಥ ಒಂದು ಗಿರಣಿಯ ಸ್ಪಿನ್ನಿಂಗ್ ವಿಭಾಗದಲ್ಲಿ ಇದ್ದ. ಗಿರಣಿ ನಿಂತಾಗ ಅಜ್ಜನಿಗೆ ಐವತ್ತು ಕೂಡ ಆಗಿರಲಿಲ್ಲ. ಅಮ್ಮ ಹೇಳೋದು: ಸೈರನ್ ನಿಂತ ಮೇಲೂ ಅಪ್ಪ ಮೊದಲ ಶಿಫ್ಟಿನ ಹೊತ್ತಿಗೇ ಏಳ್ತಿದ್ದ. ಎದ್ದು, ಸ್ನಾನ ಮಾಡಿ, ಶರ್ಟ್ ಹಾಕ್ಕೊಂಡು, ಕಟ್ಟೆ ಮೇಲೆ ಕೂರ್ತಿದ್ದ. ಯಾರಾದರೂ 'ಎಲ್ಲಿಗೆ?' ಅಂದರೆ ಒಳಗೆ ಎದ್ದು ಹೋಗ್ತಿದ್ದ. ಅಜ್ಜಿ ಮಾತ್ರ ಮಾರನೇ ವಾರದಿಂದಲೇ ಖಡಕ್ ರೊಟ್ಟಿ ಬಡಿದು ಮಾರೋಕೆ ಶುರು ಮಾಡಿದಳು. ಮನೆ ನಡೆದದ್ದು ಆ ರೊಟ್ಟಿಯಿಂದ. ನಿಲ್ಲದೆ ನಡೆದು ಹೋಗ್ತಿದ್ದ ಮರಿಯೆಂಟಾಲ್ ಹೆಂಗಸರ ಬಗ್ಗೆ ಓದಿದಾಗ ನನಗೆ ಕಂಡಿದ್ದು ಅಜ್ಜಿ.

ಅಜ್ಜನ ಈ ಕಟ್ಟೆ ವಾಸ ಒಂದು ವರ್ಷದ ಮೇಲೇ ನಡೀತು. ಆಮೇಲೆ ಒಂದು ದಿನ ಓಣಿಯ ಒಬ್ಬ ಮುದುಕಿ ವಿಧವಾ ವೇತನದ ಫಾರಂ ಹಿಡಿದುಕೊಂಡು ಬಂದಳು, 'ತುಂಬಿ ಕೊಡಪ್ಪ' ಅಂತ. ಅಜ್ಜ ಏಳನೇ ಕ್ಲಾಸ್ ಓದಿದ್ದ, ಅಕ್ಷರ ಮುತ್ತಿನ ಹಾಗೆ. ತುಂಬಿಕೊಟ್ಟ. ಮಾರನೇ ದಿನ ಇಬ್ಬರು ಬಂದರು. ಆಮೇಲೆ ರೇಷನ್ ಕಾರ್ಡು, ಬ್ಯಾಂಕ್ ಚಲನ್, ಸ್ಕೂಲ್ ಅರ್ಜಿ, ತಾಲ್ಲೂಕು ಆಫೀಸಿನ ಸಾಲು. ದುಡ್ಡು ತಗೊಳ್ತಿರಲಿಲ್ಲ. ಒಂದು ರಟ್ಟಿನ ಪ್ಯಾಡು, ಎರಡು ಪೆನ್ನು, ಅಂಟಿನ ಬಾಟಲಿ. ನಾನು ಹುಟ್ಟಿ ಬುದ್ಧಿ ಬರೋ ಹೊತ್ತಿಗೆ ಅವನು ಓಣಿಗೆಲ್ಲಾ 'ಫಾರಂ ಅಜ್ಜ'. ಗಿರಣಿ ಕಾರ್ಮಿಕ ಆಗಿದ್ದ ಅನ್ನೋದು ನನಗೆ ಗೊತ್ತಾಗಿದ್ದೇ ದೊಡ್ಡವಳಾದ ಮೇಲೆ. ಯಹೋಡ ಹೇಳಿದ ಪಟ್ಟಿ ತೆಗೆದು ಟಿಕ್ ಹಾಕುತ್ತಾ ಬನ್ನಿ. ದಿನಕ್ಕೆ ಆಕಾರ ಬಂತು, ಜನ ಬಂದರು, ಹೆಸರೂ ಬಂತು. ಸಂಬಳ ಒಂದು ಬಿಟ್ಟು ಎಲ್ಲಾ.

ಇಲ್ಲಿ ನಿಲ್ಲಿಸಿಬಿಟ್ಟರೆ ಒಳ್ಳೇ ವಾಟ್ಸ್ಆ್ಯಪ್ ಫಾರ್ವರ್ಡ್ ಆಗುತ್ತೆ. ಆದರೆ ತೊಡಕು ಇರೋದೇ ಇಲ್ಲಿಂದ ಮುಂದೆ.

ಅಜ್ಜನ ಬದುಕಿಗೆ ಅರ್ಥ ಕೊಟ್ಟಿದ್ದು ಏನು? ಸರ್ಕಾರಿ ಫಾರಂಗಳು ಅರ್ಥವಾಗದ ಭಾಷೆಯಲ್ಲಿದ್ದದ್ದು. ಆಫೀಸಿನಲ್ಲಿ ಸಾಲು ಇದ್ದದ್ದು. ಓದು ಬಾರದ ಮುದುಕಿಯರು ಇದ್ದದ್ದು. ಅಂದ್ರೆ ಬೇರೆಯವರ ಕಷ್ಟ. ಪರಿಪೂರ್ಣ ಭವಿಷ್ಯದಲ್ಲಿ ಇದ್ಯಾವುದೂ ಇರಬಾರದು ತಾನೇ? ಅವನ ಕೊನೆಯ ವರ್ಷಗಳಲ್ಲಿ ಹಾಗೇ ಆಯಿತು ಕೂಡ. ಅರ್ಜಿಗಳು ಆನ್‌ಲೈನ್ ಆದವು, ಸೇವಾ ಸಿಂಧು ಬಂತು, ಪಿಂಚಣಿ ನೇರ ಬ್ಯಾಂಕ್ ಖಾತೆಗೆ ಬೀಳತೊಡಗಿತು. ಮುದುಕಿಯರು ಬಿಸಿಲಲ್ಲಿ ಸಾಲು ನಿಲ್ಲೋದು ತಪ್ಪಿತು. ಅದು ಒಳ್ಳೇದೇ, ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನಜ್ಜನಿಗೆ ಬೇಜಾರಾಗುತ್ತೆ ಅಂತ ಆ ಸಾಲನ್ನು ವಾಪಸ್ ತನ್ನಿ ಅಂತ ಯಾರೂ ಕೇಳೋಕಾಗಲ್ಲ.

ಹಾಗಾದ್ರೆ ಯಾರಿಗೂ ಯಾವ ಕಷ್ಟವೂ ಉಳಿಯದ ಲೋಕದಲ್ಲಿ, ನಾವು ಯಾರಿಗೂ ಬೇಕಾಗಿಲ್ಲದ ಲೋಕದಲ್ಲಿ, ಉಳಿಯೋದೇನು? ತತ್ವಶಾಸ್ತ್ರಜ್ಞ ನಿಕ್ ಬಾಸ್ಟ್ರಮ್ 2024ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದಿದ್ದಾರೆ ಇದರ ಮೇಲೆ, 'ಡೀಪ್ ಯುಟೋಪಿಯ' ಅಂತ. ಅವರು ಹೇಳೋದು, ಕೆಲಸ ಹೋಗೋದು ಇದರ ಮೇಲ್ಪದರ ಮಾತ್ರ. ಕೆಳಗಿನ ಪದರದಲ್ಲಿ ನಾವು ಬಿಡುವಿನಲ್ಲಿ ಮಾಡೋ ಕೆಲಸಗಳೂ ಇವೆ. ಮಗುವಿಗೆ ಪಾಠ ಹೇಳೋದನ್ನು ಯಂತ್ರ ನಿಮಗಿಂತ ಚೆನ್ನಾಗಿ ಮಾಡಿದರೆ? ಓಡದೇನೇ ಒಂದು ಮಾತ್ರೆಯಿಂದ ಫಿಟ್ ಆಗೋ ಹಾಗಿದ್ದರೆ, ಬೆಳಗ್ಗೆ ಐದಕ್ಕೆ ಎದ್ದು ಓಡೋರು ಎಷ್ಟು ಜನ?

ಇದಕ್ಕೆ ಒಂದು ಉತ್ತರ 1978ರಷ್ಟು ಹಿಂದೆಯೇ ಬಂದಿದೆ. ಬರ್ನಾರ್ಡ್ ಸೂಟ್ಸ್ ಅನ್ನೋ ತತ್ವಶಾಸ್ತ್ರಜ್ಞನ 'ದಿ ಗ್ರಾಸ್‌ಹಾಪರ್' ಅನ್ನೋ ಪುಸ್ತಕದಲ್ಲಿ. ಇರುವೆ ಮತ್ತು ಮಿಡತೆಯ ಕಥೆ ಗೊತ್ತಲ್ವಾ, ಅದರಲ್ಲಿ ಬೇಸಿಗೆಯೆಲ್ಲಾ ಆಟವಾಡಿ ಚಳಿಗಾಲಕ್ಕೆ ಸಾಯೋ ಮಿಡತೆ. ಸೂಟ್ಸ್ ಆ ಮಿಡತೆಯ ಪಕ್ಷ ವಹಿಸ್ತಾನೆ. ಎಲ್ಲಾ ಸಮಸ್ಯೆ ಮುಗಿದ ಲೋಕದಲ್ಲಿ ಜನ ಆಟ ಆಡ್ತಾರೆ ಅನ್ನೋದು ಅವನ ವಾದ. ಆಟ ಅಂದ್ರೆ ಏನು? ಬೇಕಿಲ್ಲದ ಅಡ್ಡಿಯೊಂದನ್ನು ನಾವೇ ಹಾಕ್ಕೊಂಡು, ಅದನ್ನು ದಾಟೋಕೆ ಒದ್ದಾಡೋದು. ಕೇರಂ ಕಾಯಿನ್ ಪಾಕೆಟ್‌ಗೆ ಬೀಳಬೇಕು ಅಷ್ಟೇ ಆಗಿದ್ದರೆ ಕೈಯಲ್ಲಿ ಎತ್ತಿ ಹಾಕಬಹುದಿತ್ತು.

ಇದು ಬರೀ ಮಾತಲ್ಲ ಅನ್ನೋದಕ್ಕೆ ಚೆಸ್ ನೋಡಿ. 1997ರಲ್ಲಿ ಡೀಪ್ ಬ್ಲೂ ಅನ್ನೋ ಕಂಪ್ಯೂಟರ್ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್‌ನನ್ನು ಸೋಲಿಸಿತು. ಚೆಸ್ ಕಥೆ ಮುಗೀತು ಅಂದವರಿದ್ದರು. ಇವತ್ತು ನಿಮ್ಮ ಜೇಬಿನಲ್ಲಿರೋ ಫೋನಿಗೆ ಯಾವ ಗ್ರ್ಯಾಂಡ್‌ಮಾಸ್ಟರೂ ಸಾಟಿ ಅಲ್ಲ. ಆದರೂ 2024ರ ಡಿಸೆಂಬರ್‌ನಲ್ಲಿ 18 ವರ್ಷದ ಗುಕೇಶ್ ಸಿಂಗಾಪುರದಲ್ಲಿ ಡಿಂಗ್ ಲಿರೆನ್‌ನನ್ನು ಸೋಲಿಸಿ ಬೋರ್ಡಿನ ಮುಂದೆ ಕೂತು ಅತ್ತಾಗ 'ಅಯ್ಯೋ, ಇದಕ್ಕಿಂತ ಚೆನ್ನಾಗಿ ನನ್ನ ಫೋನ್ ಆಡುತ್ತೆ' ಅಂತ ಯಾರಾದರೂ ಅಂದರಾ?

ವಾಯ್ಸ್ ನೋಟ್ ಕಳಿಸಿದ ತಮ್ಮಾ, ನಿನ್ನ ಪ್ರಶ್ನೆಗೆ ಇದು ಅರ್ಧ ಉತ್ತರ. ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತೆ ಅನ್ನೋದೊಂದೇ ಕಾರಣಕ್ಕೆ ನಾವು ಮಾಡೋದು ವ್ಯರ್ಥ ಆಗಲ್ಲ.

ಆದರೆ ನನಗೆ ಸೂಟ್ಸ್ ಪೂರ್ತಿ ಸಾಲಲ್ಲ. ನನ್ನಜ್ಜ ಫಾರಂ ತುಂಬಿದ್ದು ಆಟ ಅಲ್ಲ. ಆ ಮುದುಕಿಗೆ ಫಾರಂ ನಿಜವಾಗಿ ತುಂಬಬೇಕಿತ್ತು. ಆಟದಲ್ಲಿ ಸೋತರೆ ಮತ್ತೆ ಕಾಯಿ ಜೋಡಿಸಬಹುದು. ಒಬ್ಬರ ಹೊಟ್ಟೆ ವಿಷಯ ಹಾಗಲ್ಲ. 1974ರಲ್ಲಿ ರಾಬರ್ಟ್ ನೋಜಿಕ್ ಒಂದು ಯಂತ್ರವನ್ನು ಕಲ್ಪಿಸಿಕೊಂಡಿದ್ದು ನೆನಪಾಗುತ್ತೆ. ತಲೆಗೆ ವೈರ್ ಹಾಕಿದರೆ ನಿಮಗಿಷ್ಟವಾದ ಎಲ್ಲಾ ಅನುಭವ ಸಿಗುತ್ತೆ, ಕಾದಂಬರಿ ಬರೆದ ಹಾಗೆ, ಗೆಳೆಯರು ಸಿಕ್ಕ ಹಾಗೆ. ಒಳಗೆ ಹೋದ ಮೇಲೆ ಇದು ಯಂತ್ರ ಅಂತಲೂ ಗೊತ್ತಾಗಲ್ಲ. ಜೀವನಪೂರ್ತಿ ಅದರಲ್ಲಿ ಇರ್ತೀರಾ? ನೋಜಿಕ್ ಇಲ್ಲ ಅಂದ. ನಮಗೆ ಬೇಕಿರೋದು ಮಾಡಿದ ಅನುಭವ ಅಲ್ಲ, ಮಾಡೋದು. ಆರು ಗಂಟೆ ರೀಲ್ಸ್ ನೋಡಿದ ದಿನ ನಾನು ಆ ಯಂತ್ರದ ಅಗ್ಗದ ಮಾಡೆಲ್ ಒಳಗಿದ್ದೆ ಅನ್ನೋದು ಬೇರೆ ಮಾತು.

ಇಷ್ಟೊತ್ತು ಕೇಳಿದವರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಿರ್ತೀರಿ. ಈ ಯುಟೋಪಿಯಾ ಬರೆದವರಲ್ಲಿ ಹೆಚ್ಚಿನವರು ಯಾರು? ಊಟ ತಟ್ಟೆಗೆ ಬಂದು ಬೀಳ್ತಿದ್ದವರು. ಆ ಪದವನ್ನೇ ಹುಟ್ಟುಹಾಕಿದ ಥಾಮಸ್ ಮೋರ್ 1516ರಲ್ಲೇ ದಿನಕ್ಕೆ ಆರು ಗಂಟೆ ಕೆಲಸದ ದ್ವೀಪ ಕಲ್ಪಿಸಿದ್ದ. ನನಗೆ ಇಷ್ಟವಾದ ಯುಟೋಪಿಯಾ ಬರೆದದ್ದು ಬಂಗಾಳದ ಒಬ್ಬ ಹೆಣ್ಣುಮಗಳು, ರುಕೈಯಾ ಸಖಾವತ್ ಹುಸೇನ್. 1905ರಲ್ಲಿ ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಬಂದ 'ಸುಲ್ತಾನಾಸ್ ಡ್ರೀಮ್' ಅನ್ನೋ ಕಥೆ. ಆ ಲೋಕದಲ್ಲಿ ಗಂಡಸರು ಪರದೆಯ ಒಳಗೆ, ಹೆಂಗಸರು ಆಡಳಿತದಲ್ಲಿ. ಬಿಸಿಲಿನ ಶಾಖದಲ್ಲಿ ಅಡುಗೆ, ಮೋಡದಿಂದ ನೇರ ನೀರು. ಹೆಂಗಸರು ಆಫೀಸ್ ಕೆಲಸವನ್ನು ಎರಡು ಗಂಟೆಯಲ್ಲಿ ಮುಗಿಸಿಬಿಡ್ತಾರೆ. ಯಾಕಂದ್ರೆ ಗಂಡಸರು ಏಳು ಗಂಟೆ ಆಫೀಸಿನಲ್ಲಿರ್ತೀವಿ ಅಂದರೂ ಅದರಲ್ಲಿ ಬಹುಪಾಲು ಚುಟ್ಟಾ ಸೇದೋದರಲ್ಲೇ ಹೋಗುತ್ತೆ ಅಂತ ಲೆಕ್ಕ ಹಾಕಿ ತೋರಿಸ್ತಾಳೆ! ಕೇನ್ಸ್‌ಗಿಂತ 25 ವರ್ಷ ಮೊದಲು, ಅವರಿಗಿಂತ ಒಂದು ಗಂಟೆ ಕಡಿಮೆ. ಜೊತೆಗೆ ಅಡುಗೆ ಯಾರು ಮಾಡ್ತಾರೆ ಅನ್ನೋದನ್ನು ಮರೆತಿಲ್ಲ.

ಅದನ್ನು ಮರೆಯೋದು ಎಷ್ಟು ಸುಲಭ ಅಂತ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುತ್ತೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗೋ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡ್ತಾರೆ, ಗಂಡಸರು 97 ನಿಮಿಷ. ಅದೂ ತೊಡಗೋ ಗಂಡಸರ ಲೆಕ್ಕ. ನಾಲ್ವರಲ್ಲಿ ಮೂವರು ಗಂಡಸರು ಆ ಕಡೆ ತಲೆಯೇ ಹಾಕಲ್ಲ. 299 ನಿಮಿಷ ಅಂದ್ರೆ ಐದು ಗಂಟೆಗೆ ಒಂದೇ ನಿಮಿಷ ಕಮ್ಮಿ.

ಮೊನ್ನೆ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿದೆ. ಅಮ್ಮಾ, ಮುಂದೆ ಎಲ್ಲರೂ ದಿನಕ್ಕೆ ಮೂರೇ ತಾಸು ಕೆಲಸ ಮಾಡೋ ಕಾಲ ಬಂದರೆ ಏನ್ ಮಾಡ್ತೀಯ? ಅಮ್ಮ ನಕ್ಕಳು. "ಮೂರ್ ತಾಸಾ? ಬೆಳಗಿನ ತಿಂಡಿಗೇ ಆತಲ್ಲವ್ವಾ ಅದು. ಮಧ್ಯಾಹ್ನದ್ದು ಯಾರ್ ಮಾಡೋರು?" ಬಿಡಲಿಲ್ಲ ನಾನು. ಅದನ್ನೂ ಮಷಿನ್ ಮಾಡಿದರೆ? ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದು, ದಿನದ ಅಡುಗೆ ಮಾಡಲಿ, ಕೈ ಮುಗಿದು ಕೊಡ್ತೀನಿ, ಆದ್ರೆ ನೀನು ಊರಿಗೆ ಬಂದ ದಿನದ್ದು ನಾನೇ ಮಾಡ್ತೀನಿ.

ಈ ಒಂದು ಮಾತನ್ನು ಬಾಸ್ಟ್ರಮ್ ಪುಸ್ತಕದ ಪಕ್ಕ ಇಟ್ಟು ಬಹಳ ಯೋಚಿಸಿದೆ. ದಿನದ ಅಡುಗೆ ಹೊರೆ, ಅದು ಹೋಗಲಿ. ಮಗಳು ಬಂದ ದಿನದ್ದು ಯಾಕೆ ಬಿಟ್ಟುಕೊಡಲ್ಲ? ಮಷಿನ್ ರುಚಿಯಾಗಿ ಮಾಡಲ್ಲ ಅಂತಲ್ಲ. ಆ ಅಡುಗೆಯಲ್ಲಿ ಮುಖ್ಯವಾದದ್ದು ಅಡುಗೆ ಅಲ್ಲ. ಯಾರು ಮಾಡಿದರು, ಯಾರಿಗೆ ಮಾಡಿದರು ಅನ್ನೋದು. ಅದನ್ನು ಬೇರೆ ಯಾರೋ ಇನ್ನೂ ಚೆನ್ನಾಗಿ ಮಾಡಿಬಿಟ್ಟರೆ, ಆಗಬೇಕಾದ್ದು ಆಗಲೇ ಇಲ್ಲ ಅಂತ.

ಅಜ್ಜನ ವಿಷಯದಲ್ಲೂ ಹೀಗೊಂದು ನಡೆದಿತ್ತು. ಪಿಂಚಣಿ ನೇರ ಖಾತೆಗೆ ಬೀಳೋಕೆ ಶುರುವಾದ ಮೇಲೂ, ಆ ಮೊದಲ ಫಾರಂ ತಂದಿದ್ದ ಮುದುಕಿ ಪ್ರತಿ ತಿಂಗಳು ಪಾಸ್‌ಬುಕ್ ಹಿಡಿದುಕೊಂಡು ಬರ್ತಿದ್ದಳು. 'ಬಂದೈತಾ ನೋಡಪ್ಪ.' ದುಡ್ಡು ಬಂದಿರೋದು ಅವಳಿಗೆ ಗೊತ್ತಿರ್ತಿತ್ತು, ಬ್ಯಾಂಕಿಂದಲೇ ಬಿಡಿಸಿಕೊಂಡು ಬಂದಿರ್ತಿದ್ದಳು. ಅಜ್ಜನಿಗೂ ಗೊತ್ತಿರ್ತಿತ್ತು. ಆದರೂ ಕನ್ನಡಕ ಹಾಕ್ಕೊಂಡು, ಕೊನೇ ಎಂಟ್ರಿ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಓದಿ ಹೇಳ್ತಿದ್ದ. ಅಜ್ಜಿ ಇಬ್ಬರಿಗೂ ಚಹಾ ಕೊಡ್ತಿದ್ದಳು. ಅಲ್ಲಿ ಕಷ್ಟ ಇರಲಿಲ್ಲ, ಆಟವೂ ಅಂತ ಅನ್ನೋಕಾಗಲ್ಲ. ಅದಕ್ಕೆ ಸರಿಯಾದ ಹೆಸರು ನನಗೆ ಇನ್ನೂ ಸಿಕ್ಕಿಲ್ಲ.

'ಸಾಕು' ಅನ್ನೋ ಪದದ ಬಗ್ಗೆಯೂ ಒಂದು ಮಾತು, ಕೇನ್ಸ್ ಎಡವಿದ್ದು ಅಲ್ಲೇ ಆದ್ದರಿಂದ. ಹನ್ನೆರಡನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಸ್ಕೂಲಿನಲ್ಲಿ ಕೇಳಿರ್ತೀರಿ. ಬಿದ್ದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ, ಹೆಚ್ಚಾದದ್ದನ್ನು ವಾಪಸ್ ಅಲ್ಲೇ ಸುರಿದು ಬಾ ಅಂತ ಕಳಿಸ್ತಾಳೆ. ಕಾಯಕ ಬಿಡು ಅನ್ನಲಿಲ್ಲ, ಹೆಚ್ಚಿನದ್ದು ಬೇಡ ಅಂದಳು ಅಷ್ಟೇ. ದುಡಿಮೆಗೂ ಗಳಿಕೆಗೂ ಇರೋ ಗಂಟನ್ನು ಇಷ್ಟು ಸುಲಭವಾಗಿ ಬಿಚ್ಚಿದವರನ್ನು ನಾನು ಬಿ.ಕಾಂ. ಸಿಲೆಬಸ್‌ನಲ್ಲಿ ನೋಡಲಿಲ್ಲ. ಆದರೆ ಒಂದು ಎಚ್ಚರ. ಅವಳು ತನ್ನ ಮನೆಯ ಅಕ್ಕಿಗೆ ಹೇಳಿದ್ದನ್ನು ಮಾಲೀಕರು ಕಾರ್ಮಿಕರ ಸಂಬಳಕ್ಕೆ ಹೇಳೋಕೆ ಶುರು ಮಾಡಿದರೆ ಕಥೆಯ ಅರ್ಥವೇ ತಿರುವುಮುರುವಾಗುತ್ತೆ.

ಕೊನೆಗೆ ನನ್ನದೇ ಒಂದು ವಿಷಯ ಹೇಳಿ ಮುಗಿಸ್ತೀನಿ. ಕೆಲಸ ಹೋಗಿ ಈಗ 14 ತಿಂಗಳು. ಈ ಪಾಡ್‌ಕಾಸ್ಟ್ ಶುರುವಾಗಿದ್ದು ಆ ಖಾಲಿ ಮಧ್ಯಾಹ್ನಗಳಿಂದಲೇ. ಇದರಿಂದ ಬರೋ ದುಡ್ಡು ಮೈಕಿನ ಇಎಂಐ ತೀರಿಸಿ ಮೇಲೆ ಸ್ವಲ್ಪ ಉಳಿಸುತ್ತೆ, ಬಾಡಿಗೆಗೆ ಸಾಲಲ್ಲ. ಕಳೆದ ವಾರ ಒಂದು ಆಫರ್ ಬಂದಿದೆ. ಸಂಬಳ ಚೆನ್ನಾಗಿದೆ. ಇಂಟರ್‌ವ್ಯೂನಲ್ಲಿ ವಾರಕ್ಕೆ ಎಷ್ಟು ಗಂಟೆ ಅಂತ ಕೇಳಿದ್ದಕ್ಕೆ, ನಾವಿಲ್ಲಿ ಗಂಟೆ ಲೆಕ್ಕ ಹಾಕಲ್ಲ ಅಂದರು. ಅದರರ್ಥ ನಿಮಗೂ ಗೊತ್ತು. ಉಳಿತಾಯದ ಲೆಕ್ಕ ಹಾಕಿದರೆ ಇನ್ನು ಎರಡೂವರೆ ತಿಂಗಳು ತಳ್ಳಬಹುದು. ಸೋಮವಾರದೊಳಗೆ ಉತ್ತರ ಹೇಳಬೇಕು. ಸೇರಿದರೆ ಈ ಎಪಿಸೋಡ್‌ಗಳು ತಿಂಗಳಿಗೆ ಒಂದಾಗಬಹುದು, ಅಥವಾ ನಿಲ್ಲಲೂಬಹುದು.

ಆ ಹುಡುಗನ ನೋಟ್‌ಗೆ ನಾನು ವಾಪಸ್ ಒಂದು ಪ್ರಶ್ನೆ ಕಳಿಸಿದ್ದೀನಿ, ಅದನ್ನೇ ನಿಮಗೂ ಕೇಳ್ತೀನಿ. ದುಡ್ಡಿನ ಚಿಂತೆ ಇಲ್ಲ, ಬೈಯ್ಯೋರಿಲ್ಲ, ಮಷಿನ್ ಎಲ್ಲಾ ಮಾಡುತ್ತೆ. ಆಗಲೂ ನೀವು ಯಾವ ಒಂದು ಕೆಲಸವನ್ನು ಅದಕ್ಕೆ ಬಿಟ್ಟುಕೊಡಲ್ಲ? ಒಂದು ನಿಮಿಷದೊಳಗಿನ ವಾಯ್ಸ್ ನೋಟ್ ಕಳಿಸಿ. ಹಿಂದೆ ಬಸ್ ಹಾರ್ನ್ ಇದ್ದರೂ ಪರವಾಗಿಲ್ಲ. ಅವನ ಉತ್ತರ ಇನ್ನೂ ಬಂದಿಲ್ಲ, ಪರೀಕ್ಷೆ ಇದೆ ಅಂದಿದ್ದಾನೆ.